ಬ್ರಿಯೋನಿಗೆ ಸಿಕ್ಕ ಗೆಲುವು

ಆಸ್ಟ್ರೇಲಿಯಾದ ನಮ್ಮ ಬೆಂಡಿಗೊ ಊರಿನಲ್ಲಿ ಟೆಗನ್ ಪ್ರೌಸ್ ಎಂದರೆ ಹೆಚ್ಚಿನವರಿಗೆ ಕನ್ನಡಕದಂಗಡಿಯ ಟೆಗನ್. ಭಾನುವಾರ ಮಧ್ಯಾಹ್ನ ಮಾತ್ರ ಅವಳು ಬೇರೆಯೇ ಹೆಂಗಸು. ಕಂಪ್ಯೂಟರಿನಲ್ಲಿ ಐದೈದು ಜನರ ತಂಡಗಳು ಗುಂಡು ಹಾರಿಸಿಕೊಳ್ಳುವ ಆಟದ ಲೀಗ್ ಒಂದಕ್ಕೆ ಅವಳು ವೀಕ್ಷಕ ವಿವರಣೆ ಕೊಡುತ್ತಿದ್ದಳು. ಅವಳ ದನಿ ಕೇಳುತ್ತ ಆಟ ನೋಡುವವರಲ್ಲಿ ಬಾಜಿ ಕಟ್ಟಿದವರೂ ಇರುತ್ತಿದ್ದರು.

ಆ ಭಾನುವಾರ ಕ್ಯಾಲನ್ ರಡ್‌ನ ತಂಡಕ್ಕೂ ಟಾಸ್ಮೇನಿಯಾದ ಡೆವನ್‌ಪೋರ್ಟಿನ ತಂಡಕ್ಕೂ ಪಂದ್ಯ. ಟೆಗನ್‌ಗೆ ಈ ಆಟ ಕಲಿಸಿದವನೇ ಕ್ಯಾಲನ್, ಹಳೆಯ ಸ್ನೇಹಿತ. ಡೆವನ್‌ಪೋರ್ಟಿನವರು ಆ ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಆದರೂ ಆಟಕ್ಕೆ ಮುಂಚೆ ಬಾಜಿಯ ದರ ಇದ್ದಕ್ಕಿದ್ದಂತೆ ಅವರ ಕಡೆ ವಾಲಿತ್ತು. ಆಟಗಾರರು ಬದಲಾಗಿರಲಿಲ್ಲ, ಯಾರಿಗೂ ಹುಷಾರು ತಪ್ಪಿರಲಿಲ್ಲ. ಏನೋ ತಿಳಿದವರು ಎಲ್ಲೋ ದುಡ್ಡು ಸುರಿಯುತ್ತಿದ್ದರು. ಟೆಗನ್ ಅದನ್ನು ಕಂಡೂ ತಳ್ಳಿಹಾಕಿದಳು.

ಮೂಲೆ ತಿರುಗುವ ಮುಂಚೆ ನಿಂತು ಹೆಜ್ಜೆ ಸಪ್ಪಳ ಆಲಿಸುವುದು ಕ್ಯಾಲನ್‌ನ ಅಭ್ಯಾಸ. ಅವತ್ತು ಕುರಿಯ ಹಾಗೆ ನೇರ ಗುಂಡಿನ ಬಾಯಿಗೇ ಓಡಿದ. ಹೊಗೆಬಾಂಬನ್ನು ತನ್ನವರ ಕಣ್ಣಿಗೇ ಅಡ್ಡವಾಗುವಂತೆ ಎಸೆದ. ಗೆಲ್ಲಬಹುದಾದ ಸುತ್ತಿನಲ್ಲಿ ಅಡಗಿ ಕೂತ. ಒಂದೊಂದೇ ಆದರೆ ಎಂಥವರಿಂದಲೂ ಆಗಬಹುದಾದ ತಪ್ಪುಗಳು. ಟೆಗನ್‌ಗೆ ಅನುಮಾನ ಗಟ್ಟಿಯಾದದ್ದು ಪರದೆಯ ಮೇಲೆ ಅವನ ಮುಖ ನೋಡಿ. ಸೋತರೆ ಮೇಜು ಗುದ್ದುವ ಮನುಷ್ಯ ಆರಾಮಾಗಿ ನೀರು ಕುಡಿಯುತ್ತಿದ್ದ.

“ಕ್ಯಾಲನ್‌ಗೆ ಇವತ್ತು ಯಾಕೋ ಕೈ ಕೂಡಿಬರ್ತಿಲ್ಲ, ಪಾಪ,” ಎಂದಳು ಮೈಕಿನಲ್ಲಿ. ಮತ್ತೂ ಅದನ್ನೇ ಅಂದಳು.

ಡೆವನ್‌ಪೋರ್ಟ್ ಗೆದ್ದಿತು. ನಾಯಕಿ ಬ್ರಿಯೋನಿ ಲಾರ್ಕಿನ್ ತನ್ನ ಮನೆಯಿಂದಲೇ ವಿಡಿಯೋದಲ್ಲಿ ಸಂದರ್ಶನಕ್ಕೆ ಬಂದಳು. ಈರುಳ್ಳಿ ತುಂಬುವ ಶೆಡ್ಡಿನಲ್ಲಿ ದುಡಿಯುವ ಹೆಣ್ಣು. ಅಳು ತಡೆದುಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ.

“ಎಲ್ರೂ ನಮ್ಮನ್ನ ಆಡ್ಕೊಂಡು ನಗೋರು. ನಮ್ಮಮ್ಮ ಪಕ್ಕದ ರೂಮಲ್ಲಿ ಕೂಗ್ತಾ ಇದಾಳೆ, ಕೇಳಿಸ್ತಿದ್ಯಾ?”

“ಕೇಳಿಸ್ತಿದೆ,” ಎಂದಳು ಟೆಗನ್. “ಇದು ನೀವೇ ದುಡಿದು ಗಳಿಸಿದ ಗೆಲುವು ಕಣೇ.”

ಆಮೇಲೆ ಕ್ಯಾಲನ್ ಫೋನ್ ಮಾಡಿದ. “ಮಾನ ಉಳಿಸ್ದೆ ಮಾರಾಯ್ತಿ. ಬೇರೆಯೋರಾಗಿದ್ರೆ ಬಾಯಿಗೆ ಬಂದಂಗೆ ಒದರ್ತಿದ್ರು.”

“ಬೇಕಂತ್ಲೇ ಸೋತ್ಯಾ?”

“ಕೈ ಕೂಡಿಬರ್ಲಿಲ್ಲ ಅಂತ ನೀನೇ ಅಂದ್ಯಲ್ಲ,” ಎಂದು ನಕ್ಕ.

ಅವಳ ಮಾತನ್ನೇ ಅವನು ಗುರಾಣಿ ಮಾಡಿಕೊಂಡಿದ್ದ. ವಾರವಿಡೀ ಅಂಗಡಿಯಲ್ಲಿ “ಸರಿಯಾಗಿ ಕಾಣ್ತಿದ್ಯಾ?” ಎಂದು ಗಿರಾಕಿಗಳನ್ನು ಕೇಳುವಾಗ ಅವಳ ನಾಲಿಗೆ ತಡವರಿಸುತ್ತಿತ್ತು. ಕೊನೆಗೆ ಲೀಗಿನವರ ಹತ್ತಿರ ಹೋಗಿ ಎಲ್ಲ ಹೇಳಿದಳು, ತಾನು ಮುಚ್ಚಿಹಾಕಿದ್ದನ್ನೂ ಸೇರಿಸಿ. ಸುದ್ದಿ ಹೊರಬೀಳುವ ಮುಂಚೆ ಬ್ರಿಯೋನಿಗೂ ಫೋನ್ ಮಾಡಿದಳು.

“ಆ ಪಂದ್ಯ ಕ್ಯಾಲನ್ ಬೇಕಂತ್ಲೇ ಬಿಟ್ಟುಕೊಟ್ಟಿದ್ದು, ಬ್ರಿಯೋನಿ. ನಿಮ್ದೇನೂ ತಪ್ಪಿಲ್ಲ.”

ಬ್ರಿಯೋನಿ ಕೇಳಿದ್ದು ಒಂದೇ ಮಾತು. “ನನ್ನನ್ನ ಮಾತಾಡಿಸೋವಾಗ್ಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ನಮ್ಮಮ್ಮ ಆ ಸಂದರ್ಶನದ ವಿಡಿಯೋನ ಮನೆಗೆ ಬಂದೋರಿಗೆಲ್ಲ ಹಾಕಿ ತೋರಿಸ್ತಾಳೆ. ಅವಳಿಗೆ ನೀನೇ ಹೇಳು, ನನ್ನ ಕೈಲಾಗಲ್ಲ.”

ಫೋನು ತಾಯಿಯ ಕೈಗೆ ಹೋಯಿತು. ಟೆಗನ್ ಮತ್ತೆ ಮೊದಲಿನಿಂದ ಹೇಳಿದಳು.

“ಅವನಿಗೆ ಪಾಪ ಅಂದೆ,” ಎಂದಳು ಆ ತಾಯಿ, ದನಿ ಏರಿಸದೆ. “ನನ್ನ ಮಗಳು ನಿನ್ನೆದುರಿಗೇ ಅಳ್ತಾ ಇದ್ಲಲ್ಲ, ಅವಳನ್ನ ನೋಡಿ ಏನೂ ಅನ್ನಿಸ್ಲಿಲ್ವಾ?”



ಲೀಗಿನವರು ಪೊಲೀಸರಿಗೆ ದೂರು ಕೊಟ್ಟರು. ದುಡ್ಡಿಗಾಗಿ ಸೋತದ್ದನ್ನು ಕ್ಯಾಲನ್ ಅವರ ಮುಂದೆ ಒಪ್ಪಿಕೊಂಡ. ಅವನನ್ನು ಆಟದಿಂದ ಹೊರಹಾಕಿದರು. ಡೆವನ್‌ಪೋರ್ಟಿನ ಆ ಗೆಲುವೂ ಅಳಿಸಿಹೋಯಿತು. ಟೆಗನ್ ಮೊದಲೇ ಬಾಯಿಬಿಟ್ಟಳೆಂದು ಲೀಗಿನವರು ಅವಳನ್ನು ಉಳಿಸಿಕೊಂಡರು; ಕೆಲವರು ಹೊಗಳಿದರು ಕೂಡ. ಹೊಗಳಿದರೆ ಅವಳು ಮಾತು ತಿರುಗಿಸುತ್ತಾಳೆ. ಬ್ರಿಯೋನಿ ಈಗಲೂ ಆಡುತ್ತಾಳೆ, ಒಮ್ಮೊಮ್ಮೆ ಗೆಲ್ಲುತ್ತಾಳೆ. ಆ ಪಂದ್ಯಗಳಿಗೆ ಬೇರೆಯವರು ಮೈಕಿನ ಮುಂದೆ ಕೂರುತ್ತಾರೆ. ಹಾಗೆ ಮಾಡೆಂದು ಬ್ರಿಯೋನಿ ಕೇಳಿದ್ದಿಲ್ಲ. ಟೆಗನ್ ತಾನಾಗಿಯೇ ದೂರ ಉಳಿದಿದ್ದಾಳೆ.