ವಸ್ತಾದ್ ಚೆಲುವೇಗೌಡರ ಶಿಫಾರಸು

ಮೊದಲು ಕಂಡದ್ದು ಅವರ ಕಿವಿ. ಅಥವಾ, ಹಾಗೆನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ವಸ್ತಾದ್ ಚೆಲುವೇಗೌಡರ ಬಗ್ಗೆ ಯಾರಿಗೆ ಹೇಳಲು ಹೊರಟರೂ ಕಿವಿಯಿಂದಲೇ ಶುರುಮಾಡುತ್ತೇನೆ: ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿಸಿಕೊಂಡು, ಕರಿದ ಹಪ್ಪಳದ ಹಾಗೆ ಮುದುರಿ ಗಟ್ಟಿಯಾಗಿದ್ದ ಎರಡು ಕಿವಿಗಳು. ಆದರೆ ನಮ್ಮ ಕಿಟಕಿಗೂ ಅವರ ಗರಡಿಮನೆಯ ಜಗಲಿಗೂ ನಡುವೆ ಒಂದು ರಸ್ತೆ, ಎರಡು ವಿದ್ಯುತ್ ಕಂಬ, ಸದಾ ನಿಂತಿರುವ ಒಂದು ಟ್ರಾಕ್ಟರು. ನನಗೆ ಕನ್ನಡಕ ಬೇರೆ. ಕಿವಿ ಕಂಡಿರಲಾರದು. ದನಿ ಕೇಳಿಸಿರಬೇಕು.

ಪಾಂಡವಪುರದ ನಮ್ಮ ಬೀದಿಯಲ್ಲಿ ಆ ದನಿ ಕೇಳದವರಿರಲಿಲ್ಲ. ಬೆಳಗಿನ ಸಾಮು ಮುಗಿಸಿ ಶಿಷ್ಯರನ್ನು ಕಳಿಸಿದ ಮೇಲೆ ಗೌಡರು ಜಗಲಿಯಲ್ಲಿ ಕೂತು ಹೋಗಿಬರುವವರ ನಡಿಗೆ ನೋಡುತ್ತಿದ್ದರು. “ಲೇ ಪುಟ್ಸಾಮಿ, ಎಡಗಾಲು ಎಳೀತಾ ಇದೀಯ ಕಣ್ಲಾ. ಚಪ್ಲಿ ತೆಗ್ದು ನೋಡ್ಲಾ, ಒಂದ್ ಪಕ್ಕ ಸವ್ದೋಗಿರ್ತದೆ.” ಪುಟ್ಟಸ್ವಾಮಿ ಚಪ್ಪಲಿ ತಿರುವಿ ನೋಡುತ್ತಿದ್ದ. ಸವೆದಿರುತ್ತಿತ್ತು. ಬಸ್ಸಿಗೆ ಓಡುತ್ತಿದ್ದವರು ನಿಂತು ಚಪ್ಪಲಿ ಪರೀಕ್ಷಿಸಿಕೊಂಡು ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ನಡಿಗೆಯಿಂದ ದೇಹದ ದೋಷ ಹಿಡಿಯುವ ಈ ವಿದ್ಯೆಯನ್ನೇ ನನಗೆ ಕಾಲೇಜಿನಲ್ಲಿ ಮೂರನೇ ವರ್ಷ ಕಲಿಸಿದ್ದರು. ಪರೀಕ್ಷೆಯಲ್ಲಿ ನಾನು ಅದರಲ್ಲಿ ಪಾಸಾದದ್ದು ಕಷ್ಟದಿಂದ.

ನಾನು ಓದಿದ್ದು ಫಿಸಿಯೋಥೆರಪಿ. ಪದವಿ ಹಿಡಿದು ಬಂದ ಮೇಲೆ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಅಂತ ಆಸ್ಪತ್ರೆಯಿಂದ ಆಸ್ಪತ್ರೆಗೆ ಫೈಲು ಹೊತ್ತು ತಿರುಗಿದೆ. ಎಲ್ಲ ಕಡೆ ಒಂದೇ ಪ್ರಶ್ನೆ: ಅನುಭವ ಇದೆಯಾ? ಒಂದು ಕಡೆ ಮಾತ್ರ, ಬೇಕಾದರೆ ಹೊರರೋಗಿಗಳ ಚೀಟಿ ಬರೆಯುವ ಕೆಲಸಕ್ಕೆ ಬಾ, ಬರವಣಿಗೆ ಚೆನ್ನಾಗಿದೆ ಎಂದರು. ಅಪ್ಪ ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ ಬೋರ್ಡು ಹಾಕಿಸಿಕೊಟ್ಟರು. “ದೀಪಾವಳಿ ಗಂಟ ನೋಡವ್ವ. ಯಾರೂ ಬರ್ನಿಲ್ಲ ಅಂದ್ರೆ ಕೋಣೆ ಮೊಬೈಲ್ ಅಂಗ್ಡಿಯೋನ್ಗೆ. ನೀನು ಚೀಟಿ ಬರೆಯಕ್ಕೆ ಹೊಂಟೋಗು.”

ಎರಡು ತಿಂಗಳಲ್ಲಿ ನೆರೆಮನೆಯ ಜಯಮ್ಮ ಒಬ್ಬರೇ ಬಂದರು. “ಸೂಜಿ ಇಲ್ವಾ? ಗುಳಿಗೇನೂ ಇಲ್ವಾ? ಮತ್ತೇನ್ ಡಾಕ್ಟ್ರಮ್ಮಿ ನೀನು?” ಎಂದವರೇ, ಫ್ಯಾನಿನ ಕೆಳಗಿದ್ದ ಚಿಕಿತ್ಸೆಯ ಮಂಚದ ಮೇಲೆ ಒಂದು ಗಂಟೆ ನಿದ್ದೆ ಮಾಡಿ ಹೋದರು. ಆಮೇಲೆ ದಿನಾ ಮಧ್ಯಾಹ್ನ ಬರತೊಡಗಿದರು. ನನ್ನ ಮೊದಲ ಖಾಯಂ ರೋಗಿ.

ಎರಡನೆಯವನು ಚಿನಕುರಳಿಯ ಕೆಂಪಣ್ಣ. ಕಲ್ಲು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, ಕುಡುಗೋಲಿನ ಹಾಗೆ ಬಾಗಿ ಒಳಗೆ ಬಂದ. ಕುರ್ಚಿ ತೋರಿಸಿದೆ. ಕೂರಲಿಲ್ಲ. ಗೋಡೆಗೆ ಎರಡೂ ಕೈಯಿಟ್ಟು ನನಗೆ ಬೆನ್ನು ಮಾಡಿ ನಿಂತ.

“ಒದ್ಬುಡಿ ಅವ್ವಾ.”

“ಏನು?”

“ಮೂರ್ ಸತಿ. ವಸ್ತಾದ್ರು ಕಳ್ಸವ್ರೆ. ಬಿರ್ನೆ ಒದ್ಬುಟ್ರೆ ಹತ್ತೂವರೆ ಬಸ್ಸಿಗೋಯ್ತೀನಿ.”

ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೂರು ಸಲ ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಆದರೆ ನಾನು ಹಾಗೆ ಹುಟ್ಟಿದವಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಅವನನ್ನು ಗೋಡೆಗೆ ಬಿಟ್ಟು ರಸ್ತೆ ದಾಟಿ ಓಡಿದೆ. ಗರಡಿಯ ಹೊಸ್ತಿಲು ಹೆಂಗಸರು ದಾಟುವ ಹಾಗಿಲ್ಲ. ಹೊರಗೆ ನಿಂತೇ ಜಗಳ ತೆಗೆದೆ. ಗೌಡರು ಒಳಗೆ ಅಖಾಡದ ಕೆಂಪು ಮಣ್ಣಿಗೆ ಎಣ್ಣೆ ಹಾಕಿ ಸಲಿಕೆಯಲ್ಲಿ ಮಗುಚುತ್ತಿದ್ದರು.

“ಗೌಡ್ರೇ, ನಾಲ್ಕೂವರೆ ವರ್ಷ ಕಾಲೇಜಿಗೆ ಹೋಗಿ ಬಂದಿರೋಳು ನಾನು!”

“ಹೋಗಿದ್ದೆ. ಯಾರ್ ಇಲ್ಲಾ ಅಂದೋರು?”

“ಮತ್ತೆ ಕಾಲಲ್ಲಿ ಒದೀತಾಳೆ ಅಂತ ಕಳಿಸಿದೀರಲ್ಲಾ!”

“ನಿನ್ ಇದ್ಯೆ ನಂಗೊತ್ತು ಕಣವ್ವ. ಕೆಂಪಣ್ಣಂಗೆ ಗೊತ್ತಾ? ಅವ್ನು ನಿನ್ ಸರ್ಟಿಫಿಕೇಟ್ ನೋಡಿ ಬರಾಕಿಲ್ಲ, ಕಾಲ್ ನೋಡಿ ಬತ್ತಾನೆ. ಬರ್ಲಿ ಬುಡು. ಮೊದ್ಲು ಅವ್ನು ಕೇಳಿದ್ ಕೊಡು, ಆಮ್ಯಾಕೆ ನಿಂದು ಸುರು ಮಾಡ್ಕೊ.”

“ನಾನು ಕಾಲು ಮುಂದಾಗಿ ಹುಟ್ಟಿದೆ ಅಂತ ನಿಮಗೆ ಹೇಳಿದೋರು ಯಾರು?”

“ಊರ್ಗೇ ಗೊತ್ತು.”

“ನಂಗೇ ಗೊತ್ತಿಲ್ವಲ್ಲಾ!”

“ಹುಟ್ಟೋರ್ಗೆ ಏನ್ ಗೊತ್ತಾಯ್ತದೆ? ಕಣ್ ಮುಚ್ಕೊಂಡಿರ್ತವೆ.”

ಅಮ್ಮನನ್ನು ಕೇಳಿದೆ. “ಆಪ್ರೇಶನ್ ಮಾಡಿ ತೆಗ್ದಿದ್ದು ನಿನ್ನ. ನಂಗೆಲ್ಲಿತ್ತು ಗ್ಯಾನ? ನಿಮ್ಮಜ್ಜಿ ನೋಡಿರ್ಬೇಕು,” ಎಂದರು. ಅಜ್ಜಿ ಹೋಗಿ ಆರು ವರ್ಷ. ಆಸ್ಪತ್ರೆಯ ಕಾಗದ ಟ್ರಂಕಿನಲ್ಲಿತ್ತು. ಗೆದ್ದಲು ತಿಂದು ನನ್ನ ತೂಕ ಮಾತ್ರ ಉಳಿಸಿತ್ತು.

ನಾನು ಕೆಂಪಣ್ಣನಿಗೆ ಒದೆಯಲಿಲ್ಲ, ಮಾತಿನಲ್ಲೇ ಒಪ್ಪಿಸಿ ವ್ಯಾಯಾಮ ಮಾಡಿಸಿದೆ. ಹೀಗಂತ ಕಾಲೇಜಿನ ಗೆಳತಿಯರಿಗೆ ಹೇಳಿದ್ದೇನೆ, ಹೇಳಿ ಹೇಳಿ ನಾನೂ ನಂಬಿದ್ದೆ. ಈಚೆಗೆ ರೋಗಿಗಳ ವಿವರ ಬರೆದಿಡುತ್ತಿದ್ದ ಹಳೆಯ ಪುಸ್ತಕ ಸಿಕ್ಕಿತು. ಕೆಂಪಣ್ಣನ ಹೆಸರಿನ ಮುಂದೆ, ಚಿಕಿತ್ಸೆ ಎಂಬ ಕಾಲಮ್ಮಿನಲ್ಲಿ, ಆ ಚೆನ್ನಾಗಿರುವ ಬರವಣಿಗೆಯಲ್ಲೇ ಬರೆದಿದೆ: “ಪಾದಸ್ಪರ್ಶ, ಮೂರು ಬಾರಿ. ನಂತರ ವ್ಯಾಯಾಮ.”

ಅವನು ನೆಟ್ಟಗಾದ. ಮುಂದಿನ ಭಾನುವಾರ ನಾಲ್ಕು ಜನ ಬಂದರು, ಅದರ ಮುಂದಿನ ಭಾನುವಾರ ಹನ್ನೊಂದು. ಅರಕೆರೆಯಿಂದ ಕಬ್ಬು ಕಡಿಯುವವರು, ನಾಗಮಂಗಲದ ಕಡೆಯ ಲಾರಿ ಡ್ರೈವರುಗಳು. ಎಲ್ಲರೂ ಬಂದವರೇ ಗೋಡೆ ಹುಡುಕುತ್ತಿದ್ದರು. ನಾನೂ ಒಂದು ಶಾಸ್ತ್ರ ಕಟ್ಟಿದೆ: ಒದ್ದದ್ದು ಮೈಯಲ್ಲಿ ನಿಲ್ಲಬೇಕಾದರೆ ಹನ್ನೊಂದು ದಿನ ಹೇಳಿದ ವ್ಯಾಯಾಮ ಮಾಡಬೇಕು, ತಪ್ಪಿದರೆ ಉಳುಕು ವಾಪಸು ಬರುತ್ತದೆ. ಇಲ್ಲದಿದ್ದರೆ ಎರಡನೇ ದಿನಕ್ಕೇ ಬಿಡುತ್ತಿದ್ದ ಗಂಡಸರು, ಚಾಪೆ ಹಾಸಿ, ಮಂಡಿ ಮಡಿಸಿ, ಉಸಿರು ಎಣಿಸಿ, ವ್ರತದ ಹಾಗೆ ಮಾಡಿದರು. ಬೀದಿಯವರು ನನ್ನನ್ನು ‘ಒದಿಯೋ ಹುಡುಗಿ’ ಎಂದರು. ಗೌಡರೊಬ್ಬರೇ ಡಾಕ್ಟ್ರಮ್ಮ ಎನ್ನುತ್ತಿದ್ದರು, ಅದೂ ಇಡೀ ಬೀದಿಗೆ ಕೇಳುವ ಹಾಗೆ. “ಡಾಕ್ಟ್ರಮ್ಮಾ! ನಿನ್ ಡ್ರೈವರ್ರು ಇಲ್ಲೋಗ್ತಾವ್ನೆ. ಬಲಗಡೆ ಇನ್ನೂ ಬಿಗಿ ಅದೆ ಕಣವ್ವ, ಇನ್ನಾಕು ದಿನ ಹಾಕು!” ನಾನು ಕೇಳಿಸದವಳ ಹಾಗೆ ಕೂತು, ಅವನು ಮರುದಿನ ಬಂದಾಗ ಬಲಗಡೆ ಒತ್ತಿ ನೋಡುತ್ತಿದ್ದೆ. ಬಿಗಿಯಾಗಿಯೇ ಇರುತ್ತಿತ್ತು.

ದೀಪಾವಳಿ ಬಂತು, ಹೋಯಿತು. ಮೊಬೈಲ್ ಅಂಗಡಿಯವನು ಬೇರೆ ಕೋಣೆ ನೋಡಿಕೊಂಡ. ಆದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ನಾನು ನನ್ನ ಕೆಲಸ ಮಾಡುತ್ತಿದ್ದೇನೋ, ನನ್ನ ಕಾಲು ಮಾಡುತ್ತಿದೆಯೋ? ಹೀಗೆ ಹಿಂಸೆಪಡುತ್ತಿದ್ದಾಗ ನಾಗಮಂಗಲದ ಕಡೆಯ ಆಸ್ಪತ್ರೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಚೀಟಿ ಬರೆಯಲಲ್ಲ, ಫಿಸಿಯೋಥೆರಪಿ ವಿಭಾಗಕ್ಕೇ.

ಮೂವರು ಕೂತಿದ್ದರು. ನಡುವಿನ ಹಿರಿಯ ಡಾಕ್ಟರು ಅನುಭವ ಕೇಳಿದರು. ಎಂಟು ತಿಂಗಳ ಸ್ವಂತ ಕ್ಲಿನಿಕ್, ಹೆಚ್ಚಾಗಿ ಸೊಂಟನೋವು ಎಂದೆ. “ಅಷ್ಟು ಸಣ್ಣ ಊರಿನಲ್ಲಿ ಇಷ್ಟು ಬೇಗ ರೋಗಿಗಳು ಹೇಗೆ ಬಂದರು?” ಜಾಗೃತಿ, ಸಮುದಾಯ, ಸಂಪರ್ಕ ಎಂದೆಲ್ಲ ಕನ್ನಡ-ಇಂಗ್ಲಿಷು ಬೆರೆಸಿ ಹೊಲಿಯುತ್ತಿದ್ದೆ. ಅಷ್ಟರಲ್ಲಿ ಟೀ ತಂದ ಅಟೆಂಡರು ತಟ್ಟೆ ಹಿಡಿದು ನಿಂತೇಬಿಟ್ಟ.

“ಅವ್ವಾ, ನಮ್ ಮಾವನ್ನ ಒದ್ದೋರು ನೀವೇ ಅಲ್ವಾ?”

ಇದನ್ನು ಅವನು ಒಳಗೇ ಕೇಳಿದನೋ, ಹೊರಗೆ ಬಂದ ಮೇಲೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ಆದರೆ ಟೀ ಚೆಲ್ಲಿದ ನನ್ನ ಫೈಲು ಇನ್ನೂ ಇದೆ, ಅದು ಒಳಗೇ ಚೆಲ್ಲಿದ್ದು. ಹಿರಿಯ ಡಾಕ್ಟರು ಕನ್ನಡಕ ತೆಗೆದರು. “ನಿಮ್ಮ ಮಾವ ಈಗ ಹೇಗಿದಾರೆ?”

“ಕಬ್ಬು ಕಡೀತಾವ್ರೆ ಸಾ. ದಿನಾ ಚಾಪೆ ಹಾಸ್ಕೊಂಡು ಕಾಲ್ ಎತ್ತೀ ಇಳ್ಸೀ ಮಾಡ್ತಾರೆ. ನಮ್ಮತ್ತೆ ನಗಾಡ್ತದೆ.”

“ಯಾವ ವ್ಯಾಯಾಮ ಹೇಳಿದ್ದಿರಿ?” ಎಂದು ಡಾಕ್ಟರು ನನ್ನತ್ತ ತಿರುಗಿದರು. ಮುಂದಿನ ಅರ್ಧ ಗಂಟೆ ಬರೀ ಅದೇ ಮಾತು. ಕೆಲಸ ಸಿಕ್ಕಿತು.

ಹೇಳಲು ಗರಡಿಗೆ ಹೋದೆ. ಗೌಡರು ಹೊರಗೆ ಬಂದು ಎಂದಿನ ಹಾಗೆ ನನ್ನ ಮಣಿಕಟ್ಟು ಹಿಡಿದು ಮೊಣಕೈವರೆಗೂ ಒತ್ತಿ ನೋಡಿದರು. ನಮಸ್ಕಾರ, ಆಶೀರ್ವಾದ ಎಲ್ಲಕ್ಕೂ ಅವರದು ಅದೇ. “ಕೈ ಗಟ್ಟಿ ಅದೆ. ಹೋಗು,” ಎಂದರು. ಇಷ್ಟು ದಿನ ತಡೆದದ್ದನ್ನು ಕೇಳಿಯೇಬಿಟ್ಟೆ.

“ಗೌಡ್ರೇ, ಈಗಾದ್ರೂ ನಿಜ ಹೇಳಿ. ನನ್ನ ಕಾಲಿನ ಕತೆ ನೀವೇ ಕಟ್ಟಿದ್ದು ಅಲ್ವಾ?”

ಅವರು ಜಗಲಿಯ ಕಂಬಕ್ಕೆ ಎರಡೂ ಕೈಯಿಟ್ಟು ಬೆನ್ನು ತಿರುಗಿಸಿ ನಿಂತರು.

“ನಂಗೂ ಒಂದ್ ಸತಿ ಒದ್ಬುಡವ್ವ. ಎಂಟ್ ದಿನಾತು, ಹಿಡ್ಕೊಂಡದೆ.”

“ನಿಮ್ಮನ್ನ ಕಾಲಲ್ಲಿ ಮುಟ್ಟೋದಾ? ಮಂಚಕ್ಕೆ ಬನ್ನಿ, ಕೈಯಲ್ಲಿ ನೋಡ್ತೀನಿ.”

“ಅಷ್ಟೆಲ್ಲಾ ಬ್ಯಾಡ. ನಿಂದು ಕಾಲಲ್ಲ ಕಣವ್ವ, ಮದ್ದು.”

ಬೀದಿಯ ಜನ ನೋಡುತ್ತಿದ್ದರು. ಜಯಮ್ಮನಂತೂ ಬಾಗಿಲಿಗೇ ಬಂದಿದ್ದರು. ಚಪ್ಪಲಿ ಬಿಟ್ಟು, ಮೂರು ಸಲ, ಆದಷ್ಟು ಮೆಲ್ಲಗೆ ಪಾದ ತಾಗಿಸಿ, ಕೂಡಲೇ ಬಗ್ಗಿ ಅವರ ಕಾಲು ಮುಟ್ಟಿದೆ. ಅವರು ನೆಟ್ಟಗೆ ನಿಂತು, “ಬುಟ್ಟೋಯ್ತು ನೋಡು!” ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಒಳಗೆ ಹೋದರು.

ಎರಡು ವರ್ಷದ ಮೇಲೆ ಅವರು ಹೋದರು. ನಾನು ಡ್ಯೂಟಿಯಲ್ಲಿದ್ದೆ. ಅಪ್ಪ ಫೋನು ಮಾಡುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಈಗ ದಿನಕ್ಕೆ ಇಪ್ಪತ್ತು ಸೊಂಟ ನೋಡುತ್ತೇನೆ. ಕೈಯಿಟ್ಟರೆ ಸಾಕು, ನೋವು ನಿಜವೋ ರಜೆಗಾಗಿ ಕಟ್ಟಿದ್ದೋ ಎಂದು ಬೆರಳಿಗೆ ಗೊತ್ತಾಗುತ್ತದೆ. ಅವತ್ತು ಗೌಡರ ಬೆನ್ನಿನಲ್ಲಿ ಉಳುಕು ಇದ್ದಿದ್ದರೆ, ನನ್ನ ಕಾಲಿನ ಕತೆಯನ್ನು ಅವರು ನಂಬಿದ್ದರು ಎಂದಾಗುತ್ತಿತ್ತು. ಇರದಿದ್ದರೆ ಅದು ನನಗಾಗಿ ಕೊನೆಯ ಸಲ ಬೀದಿಗೆ ತೋರಿಸಿದ ಆಟ. ಪಾದಕ್ಕೆ ಏನೂ ತಿಳಿಯಲಿಲ್ಲ. ಕೈಯಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.