ಎರಡು ಪ್ರಾರ್ಥನೆ ಹೊತ್ತು ಕುದಿಸಿ

ಶನಿವಾರ ಬೆಳಿಗ್ಗೆ ಮೆಟುಚೆನ್ ಸ್ಟೇಷನ್ನಿನಲ್ಲಿ ಬಿಸಿಲೇನೋ ಇತ್ತು, ಏಪ್ರಿಲ್ ಗಾಳಿ ಮಾತ್ರ ಸ್ವೆಟರ್ ದಾಟಿ ಒಳಗೆ ನುಗ್ಗುತ್ತಿತ್ತು. ನಸೀಮಾಳನ್ನು ಅವಳ ಮಗಳು ಸಬಾ ಕಾರಿನಲ್ಲಿ ತಂದು ಬಿಟ್ಟಳು. ನಸೀಮಾ ನನ್ನ ಮೈಸೂರಿನ ಕಾನ್ವೆಂಟ್ ಗೆಳತಿ. ಆಗ ಒಂದೇ ಬೆಂಚು, ಈಗ ಈ ಪರದೇಶದಲ್ಲೂ ಎರಡೇ ರಸ್ತೆ ಆಚೆ ಮನೆ. ಹೋದ ಚಳಿಗಾಲ ಸ್ಟ್ರೋಕ್ ಆಗಿ ಅವಳ ಮಾತು ಬಿದ್ದುಹೋಯಿತು. ಕೈಕಾಲು ಸರಿಹೋದವು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಿರುಗಿ ಹೇಳಲು ಪದ ಸಿಗುವುದಿಲ್ಲ. ‘ಹೂಂ’, ‘ಬೇಡ’, ಅಷ್ಟೇ.

“ಥೆರಪಿಗೂ ಬೇಡ ಅಂತಾರೆ ಆಂಟಿ. ಹೋದ ವಾರ ಕಾರಿಂದ ಇಳೀಲೇ ಇಲ್ಲ. ಶಿ ಈಸ್ ಗಿವಿಂಗ್ ಅಪ್,” ಎಂದಳು ಸಬಾ. “ನಿಮ್ಮ ಜೊತೆ ಆದ್ರೂ ಮಾತಾಡ್ತಾರೇನೋ ನೋಡಿ. ಆದ್ರೆ ಪ್ಲೀಸ್, ಅಮ್ಮಿ ಪರವಾಗಿ ನೀವೇ ಆನ್ಸರ್ ಮಾಡ್ಬೇಡಿ.”

ಅದು ನನಗೆ ಅಂಟಿದ ಚಾಳಿ. ಅವಳು ಬಾಯಿ ತೆರೆಯುವಷ್ಟರಲ್ಲಿ “ಕಾಫಿನಾ? ನೀರಾ?” ಎಂದು ನಾನೇ ಪದ ಹಾಕಿಬಿಡುತ್ತೇನೆ.

ಇಬ್ಬರಿಗೂ ಸೀನಿಯರ್ ಟಿಕೆಟ್, ಅರ್ಧ ದರ. ನಸೀಮಾ ಕಿಟಕಿ ಪಕ್ಕ ಕೂತಳು. ರಾವೇ, ಎಲಿಜಬೆತ್ ದಾಟಿ ನ್ಯೂವಾರ್ಕ್ ಆದಮೇಲೆ ಜೌಗು ನೆಲದ ಒಣ ಜೊಂಡು ಬಂತು, ಆಮೇಲೆ ಸುರಂಗ. ಒಂದು ಗಂಟೆಗೂ ಕಡಿಮೆಯ ದಾರಿಯಲ್ಲಿ ನಾನೊಬ್ಬಳೇ ಮಾತಾಡಿದೆ. ಒಂದು ಕಾಲದಲ್ಲಿ ಪಾಠದ ನಡುವೆ ಮಾತಾಡಿ ಬೆಂಚಿನ ಮೇಲೆ ನಿಲ್ಲುತ್ತಿದ್ದವಳು ಅವಳು.

ನಾವು ಹೋದದ್ದು ಮ್ಯಾನ್‌ಹ್ಯಾಟನ್ನಿನ ಒಂದು ಗ್ರಂಥಾಲಯಕ್ಕೆ. ಇಂಗ್ಲೆಂಡಿನ ನಾಲ್ಕೈದು ನೂರು ವರ್ಷ ಹಳೆಯ ಮನೆಮದ್ದಿನ ಕೈಬರಹಗಳನ್ನು ಅಂದು ತೋರಿಸುತ್ತಿದ್ದರು. ಪುಸ್ತಕದ ಬೆನ್ನು ಮುರಿಯದಿರಲೆಂದು ಕೆಳಗೆ ಸ್ಪಂಜಿನ ದಿಂಬು. ಹಾಳೆ ಮಗುಚದಿರಲೆಂದು ಮೇಲೆ ಬಟ್ಟೆಯೊಳಗೆ ಹೊಲಿದ ಭಾರದ ಮಣಿಸರ. ಒಂದು ಪುಟದ ಅಂಚಿನಲ್ಲಿ ಎಣ್ಣೆಯ ಬೆರಳಚ್ಚಿತ್ತು. ಯಾವ ಹೆಂಗಸು ಒಲೆ ಮುಂದೆ ನಿಂತು ತಿರುವಿದ ಹಾಳೆಯೋ! ಕೆಮ್ಮಿಗೆ ಜೇನು, ಶುಂಠಿ, ನಮ್ಮ ಹಿಪ್ಪಲಿ. ಹಿಪ್ಪಲಿ ಅಷ್ಟು ದೂರ ಹಡಗು ಹತ್ತಿ ಹೋಗಿತ್ತೆಂದು ನೋಡಿ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಪಕ್ಕದ ಪುಟದಲ್ಲಿ ಬಸವನಹುಳು ಜಜ್ಜಿ ತೆಗೆದ ನೀರು. ಓದಿ ಹೇಳಿದೆ. ನಸೀಮಾ ಮೂಗು ಮುಚ್ಚಿಕೊಂಡಳು.

ಮೇಜಿನ ಮೇಲೆ ಕೆಲವು ಪುಟಗಳ ನಕಲು ಇಟ್ಟು, ಬಂದವರು ಓದಿ ನೋಡಬಹುದು ಎಂದಿದ್ದರು. ಸಿಸ್ಟರುಗಳು ಕೋಲು ಹಿಡಿದು ಕಲಿಸಿದ, ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರದ ಜಂಬ ನನಗೆ, ಕೂತೆ. ಕಾಗುಣಿತ ಎಲ್ಲೆಲ್ಲೋ ಓಡುತ್ತಿತ್ತು. ಕಷ್ಟಪಟ್ಟು ಒಂದು ಸಾಲು ಬಿಡಿಸಿದೆ: ‘ಮಾತು ಕಳಕೊಂಡವನಿಗೆ’. ಅಂಗೈ ಅಡ್ಡ ಇಟ್ಟು, “ಇಲ್ಲಿ ಹಲ್ಲುನೋವಿಗೆ ಏನೋ ಇದೆ ಕಣೇ,” ಎಂದೆ. ನಸೀಮಾ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟಳು. ಅದೇ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಓದಲೇಬೇಕಾಯಿತು.

ದವನದ ದಾಯಾದಿಯಾದ ಒಂದು ಕಹಿಸೊಪ್ಪಿನ ರಸ ತೆಗೆದು, ನೀರು ಬೆರೆಸಿ ಕುದಿಸಿ, ಬಾಯಿಗೆ ಹಾಕಬೇಕು. ಎಷ್ಟು ಹೊತ್ತು ಕುದಿಸಬೇಕು? ಅಲ್ಲಿ ಎರಡೆರಡೇ ಅಕ್ಷರ, ತಲೆ ಮೇಲೆ ಗೀಟು. ಅಲ್ಲಿದ್ದ ಲೈಬ್ರರಿಯ ಹುಡುಗಿ ಬಗ್ಗಿ ನೋಡಿ, “ಎರಡು ಪಾತೆರ್ ನೊಸ್ತೆರ್ ಹೊತ್ತು. ಲ್ಯಾಟಿನ್ನಿನ ‘ಅವರ್ ಫಾದರ್’. ಆಗ ಎಲ್ಲರ ಮನೇಲಿ ಗಡಿಯಾರ ಎಲ್ಲಿತ್ತು? ಪ್ರಾರ್ಥನೆ ಹೇಳೇ ಹೊತ್ತು ಅಳೀತಿದ್ರು,” ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

“ನಮ್ಮ ಅಸೆಂಬ್ಲಿ ಪ್ರೇಯರ್ ಕಣೇ ಅದು!” ಎಂದೆ.

“ನಿಮಗೆ ಬರತ್ತಾ? ಎಷ್ಟು ಹೊತ್ತಾಗತ್ತೆ ನೋಡೋಣ,” ಎಂದು ಹುಡುಗಿ ಫೋನು ತೆಗೆದಳು.

ನಾನು ನಿಧಾನವಾಗಿ ‘ಅವರ್ ಫಾದರ್’ ಎಂದು ಶುರುಮಾಡಿದೆ. ಎರಡನೆಯ ಸಾಲಿಗೆ ಪಕ್ಕದಿಂದ ಇನ್ನೊಂದು ದನಿ ಸೇರಿತು. ಮೂರನೆಯ ಸಾಲಿಗೆ ನನ್ನನ್ನು ಹಿಂದೆ ಹಾಕಿತು. ನಸೀಮಾ ಎದುರಿನ ಗೋಡೆ ನೋಡುತ್ತಾ, ಬೆಳಗಿನ ಬಿಸಿಲಲ್ಲಿ ಸಾಲಾಗಿ ನಿಂತ ಹುಡುಗಿಯರು ಬೇಗ ಮುಗಿಸಲೆಂದು ಒದರುತ್ತಿದ್ದ ಅದೇ ಓಟದಲ್ಲಿ, ಒಂದೂ ಪದ ಬಿಡದೆ ಹೇಳುತ್ತಿದ್ದಳು. ನಾನು ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ. “ಲೀಡ್ ಅಸ್ ನಾಟ್ ಇಂಟು ಟೆಂಪಲ್ ಸ್ಟೇಷನ್...”

ಟೆಂಪ್ಟೇಷನ್ ಅಂದರೇನೆಂದು ಒಂದನೇ ಕ್ಲಾಸಿನಲ್ಲಿ ನಮಗೆ ಯಾರಿಗೆ ಗೊತ್ತಿತ್ತು? ದೇವಸ್ಥಾನದ ಸ್ಟೇಷನ್ನಿಗೆ ಕರಕೊಂಡು ಹೋಗಬೇಡಪ್ಪ ಎಂದೇ ಇಡೀ ಕ್ಲಾಸು ಬೇಡುತ್ತಿತ್ತು. ನಮ್ಮನ್ನು ಅಲ್ಲಿಗೆ ಯಾಕೆ ಬೇಡ ಅಂತಾರೆ ಎಂದು ನಾನು ಅತ್ತಾಗ ನಸೀಮಾ, “ಅಳ್ಬೇಡ್ವೇ, ನಾವು ಬಸ್ಸಲ್ಲಿ ಹೋಗೋಣ,” ಎಂದಿದ್ದಳು.

ಆಮೆನ್ ಎಂದಾಗ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ. ಇನ್ನೂ ಅರ್ಧ ನಿಮಿಷ ಆಗಿಲ್ಲ ಎಂದಳು ಹುಡುಗಿ. “ಮಾತು ಬಂತಲ್ಲೇ ನಸ್ಸೀ!” ಎಂದೆ. ಅವಳು ಉತ್ತರ ಕೊಡಲು ಬಾಯಿ ತೆರೆದಳು. “ಅ... ಅದು...” ತುಟಿ ಅಲುಗಿತು, ಪದ ಬರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡಳು.

ಹತ್ತಿರದ ಪಾರ್ಕಿನ ಬೆಂಚಿನಲ್ಲಿ ನಾನು ಒಯ್ದಿದ್ದ ಚಿತ್ರಾನ್ನ ತಿಂದೆವು. ಗಾಳಿಗೆ ಪೇಪರ್ ಪ್ಲೇಟು ಹಾರದಂತೆ ಇಬ್ಬರೂ ಒಂದೊಂದು ಬೆರಳು ಒತ್ತಿಕೊಂಡಿದ್ದೆವು. ಅವಳು ಅರ್ಧಕ್ಕೇ ಬಿಟ್ಟಳು. ಬೇಡ ಎಂದು ಕೂಡ ಅನ್ನಲಿಲ್ಲ. ಕರಕೊಂಡು ಬಂದು ಕೆಡಿಸಿದೆನೇ ಅಂದುಕೊಳ್ಳುತ್ತಾ ಉಳಿದದ್ದನ್ನು ಡಬ್ಬಿಗೆ ತುಂಬಿದೆ.

ವಾಪಸು ರೈಲು ನ್ಯೂವಾರ್ಕ್ ದಾಟಿತು. ಆಮೇಲೆ ನನಗೆ ತೋಚಿತು: ಬಾಯಿಪಾಠ ಮಾಡಿದ್ದು ಒಳಗೆ ಇನ್ನೇನೇನು ಉಳಿದಿದೆಯೋ! ಮೆಲ್ಲಗೆ “ಟೂ ಒನ್ಸ್ ಆರ್ ಟೂ” ಎಂದೆ. ಅವಳು ಓರೆಗಣ್ಣಲ್ಲಿ ನೋಡಿದಳು. “ಟೂ ಟೂಸ್ ಆರ್ ಫೋರ್.” ನಾಲ್ಕರ ಮಗ್ಗಿಗೆ ದನಿ ಸೇರಿಸಿದಳು. ಲಿಂಡನ್ ಬಂದಾಗ ಏಳರ ಮಗ್ಗಿ; ಎದುರು ಸೀಟಿನವನು ಕಿವಿಯಿಂದ ಇಯರ್‌ಫೋನ್ ತೆಗೆದು ನೋಡಿದ. ಮೆಟ್ರೋಪಾರ್ಕ್ ಹೊತ್ತಿಗೆ ಹದಿಮೂರು. ಹದಿಮೂರು ನನಗೆ ಯಾವತ್ತೂ ನೆಟ್ಟಗೆ ಬಂದದ್ದಿಲ್ಲ.

“ಥರ್ಟೀನ್ ಸೆವೆನ್ಸ್ ಆರ್... ಏಯ್ಟಿ ಒನ್,” ಎಂದೆ.

“ನೈಂಟಿ ಒನ್,” ಎಂದಳು ನಸೀಮಾ. ಮತ್ತೆ ನನ್ನತ್ತ ಪೂರ್ತಿ ತಿರುಗಿ, ಹುಬ್ಬು ಗಂಟಿಕ್ಕಿ, ಹುಡುಕಿ ಹುಡುಕಿ ತೆಗೆದು ಹೇಳಿದಳು: “ದ... ದಡ್ಡಿ.”

ಅದು ಯಾವ ಮಗ್ಗಿಯಲ್ಲೂ ಇಲ್ಲದ ಪದ. ನಾನು ಅವಳ ಕೈ ಹಿಡಿದುಕೊಂಡೆ. ಹದಿಮೂರರ ಮಗ್ಗಿ ಅಲ್ಲಿಗೇ ನಿಂತಿತು.

ಮೆಟುಚೆನ್ನಿನಲ್ಲಿ ಸಬಾ ಕಾದಿದ್ದಳು. “ಹೌ ವಾಸ್ ಇಟ್?”

“ನಿಮ್ಮಮ್ಮಿ ನನಗೆ ಬೈದಳು,” ಎಂದೆ.

“ರಿಯಲಿ? ಏನಂತ?”

ನಾಲಿಗೆ ತುದಿಗೆ ಬಂದಿತ್ತು. ಅವಳೇ ಹೇಳಲಿ ಅಂತ ಸುಮ್ಮನೆ ನಿಂತೆ.