ಗಾಲ್ಫ್ ಚೆಂಡಿನ ಮೇಲೆ ನಾನಿಟ್ಟ ಚುಕ್ಕಿ

ಗಾಲ್ಫ್ ಆಟವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಮಿಲಿಟರಿ ಸಾಹೇಬರು ಆಡುತ್ತಿದ್ದರಂತೆ. ನಾವಿದ್ದದ್ದು ಅನಗೋಳದ ಓಣಿಯಲ್ಲಿ, ನಮಗೂ ಅದಕ್ಕೂ ಏನು ಸಂಬಂಧ? ಆದರೆ ಆ ಚೆಂಡಿನ ಮೈಮೇಲೆ ಯಾವ ಕುಳಿಯ ಸುತ್ತ ಎಷ್ಟು ಕುಳಿ ಇರುತ್ತವೆ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ನನ್ನ ಗಂಡ ಉದ್ಯಮಬಾಗದಲ್ಲಿ ಡೈ ಮಾಡುತ್ತಿದ್ದರು, ಅಂದರೆ ರಬ್ಬರಿನ ಸಾಮಾನು ಒತ್ತುವ ಅಚ್ಚು. ಒಂದು ಶೆಡ್ಡು, ಒಂದು ಲೇಥು, ಒಂದು ಡ್ರಿಲ್ಲು, ಇಷ್ಟೇ ಸಂಸಾರ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕ್ಯಾಂಪಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಸಾವಕಾರರು ಒಂದು ದಿನ ಪರದೇಶಿ ಗಾಲ್ಫ್ ಚೆಂಡೊಂದನ್ನು ಹಿಡಿದುಕೊಂಡು ಶೆಡ್ಡಿಗೆ ಬಂದರು. ದೊಡ್ಡ ಕಂಪನಿಯ ಆ ಚೆಂಡು ಸಿಗುವುದೇ ಕಷ್ಟ, ಸಿಕ್ಕರೂ ತುಟ್ಟಿ. ತಮ್ಮದೇ ಅಂಗಡಿಯ ಹೆಸರೊತ್ತಿದ ಚೆಂಡು ಮಾಡಿಸಿ ಅಗ್ಗಕ್ಕೆ ಮಾರಬೇಕೆಂಬುದು ಅವರ ಆಸೆ.

"ಇದರ ಮ್ಯಾಲ ಅಚ್ಚು ತಗೀರಿ, ಮುಗೀತು," ಅಂದರಂತೆ.

"ಅದ ಆಗೂದಿಲ್ರಿ ಸಾವಕಾರ. ಮಂದಿ ಮಾಲಿನ ಮ್ಯಾಲ ನಾ ಅಚ್ಚು ತಗಿಯೂದಿಲ್ಲ. ಅಳತಿ ಅಷ್ಟ ತಗೋತೀನಿ," ಅಂದರಂತೆ ಇವರು.

ಇದು ಇವರಿಗೆ ಕೆಲಸ ಕಲಿಸಿದವರು ಹಾಕಿಕೊಟ್ಟ ಪದ್ಧತಿ. ಅಳತೆ ತೆಗೆದುಕೊಂಡು ಆ ಚೆಂಡನ್ನು ಅಲ್ಲೇ ವಾಪಸು ಕೊಟ್ಟರು. ಅದು ನಮ್ಮ ಮನೆಗೆ ಬರಲಿಲ್ಲ, ನಾನು ಅದನ್ನು ನೋಡಲಿಲ್ಲ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹಿತ್ತಾಳೆಯ ಗುಂಡಿನ ಮೇಲೆ ಮೊದಲು ಕುಳಿ ಕೊರೆದು, ಆಮೇಲೆ ಆ ಗುಂಡಿನಿಂದ ಅಚ್ಚು ಎರಕ ಹೊಯ್ಯಬೇಕು. ಇವರು ಸಾಲು ಸಾಲಾಗಿ ಕುಳಿ ಹಾಕುತ್ತಾ ಹೋದರೆ ನಡುವೆ ಚೆನ್ನಾಗಿ ಕೂರುತ್ತಿದ್ದವು, ತುದಿಗೆ ಬಂದಾಗ ಒಂದರ ಮೇಲೊಂದು ಏರುತ್ತಿದ್ದವು. ಎರಡು ಗುಂಡು ಹಾಳಾದವು. ಊಟಕ್ಕೆ ಕೂತಾಗಲೂ ಮಾತಿಲ್ಲ, ಗುಂಡನ್ನೇ ತಿರುಗಿಸುತ್ತಾ ಕೂರುವುದು. ನನಗೆ ಸಿಟ್ಟು ಬಂದು, "ಅದನ್ನ ತಿನ್ರಿ ಹಂಗಾರ, ರೊಟ್ಟಿ ನಾ ತಿಂತೀನಿ," ಅಂದೆ.

ಆ ಪಂಚಮಿಗೆ ತವರಿಗೆ ಹೋದೆ. ನನ್ನ ತವರು ಖಾನಾಪುರ. ನಮ್ಮ ಮನೆಯ ಹಿಂದೆಯೇ ಕುಂಬಾರರ ಆವಿಗೆ, ಬೇಕಾದಷ್ಟು ಗಡಿಗೆ. ಇವರ ಗುಂಡು ನನ್ನ ತಲೆಯಿಂದಲೂ ಹೋಗಿರಲಿಲ್ಲ. ಒಂದು ಗಡಿಗೆ ಬೋರಲು ಹಾಕಿ ಅದರ ತಳದ ಮೇಲೆ ಸುಣ್ಣದಿಂದ ಚುಕ್ಕಿ ಇಡುತ್ತಾ ಕೂತೆ. ನೆಲದ ರಂಗೋಲಿಯಲ್ಲಿ ಒಂದು ಚುಕ್ಕಿಯ ಸುತ್ತ ಆರು ಚುಕ್ಕಿ ಸರಿಯಾಗಿ ಕೂರುತ್ತವೆ. ಗಡಿಗೆಯ ಮೇಲೆ ಎಲ್ಲ ಕಡೆ ಆರೇ ಇಟ್ಟರೆ ನಾಲ್ಕು ಸುತ್ತು ದಾಟುವುದರೊಳಗೆ ಜಾಗ ಸಾಲುವುದಿಲ್ಲ. ಅಲ್ಲಲ್ಲಿ ಆರರ ಬದಲು ಐದು ಇಟ್ಟು ನೋಡಿದೆ. ಸಾಲು ತಾನಾಗಿಯೇ ಬಾಗಿ ಗಡಿಗೆಯನ್ನು ತಬ್ಬಿತು. ಇಡೀ ಗುಂಡಿಗೆ ಲೆಕ್ಕ ಹಾಕಿದರೆ ಹನ್ನೆರಡು ಕಡೆ ಐದು, ಉಳಿದೆಲ್ಲ ಆರು.

"ಗಡಿಗಿಗೆ ಸುಣ್ಣಾ ಹಚ್ಕೋತ ಕುಂತೀಯಲ್ಲ, ಹುಚ್ಚ ಹಿಡದೈತೇನ ನಿನಗ?" ಅಂದಳು ಅವ್ವ.

"ಹಿಡದೈತಿ ನೋಡವ್ವ," ಅಂದೆ. ಖರೆ ಹೇಳುತ್ತೇನೆ, ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ವಾಪಸು ಬಂದು ಹಿತ್ತಾಳೆ ಗುಂಡಿನ ಮೇಲೆ ನಾನೇ ಗುರುತು ಹಾಕಿದೆ, ಇವರು ಕೊರೆದರು. ಒಂದು ಕುಳಿಯನ್ನು ಮಾತ್ರ ಅರ್ಧ ಗಾತ್ರ ಮಾಡಿಸಿದೆ. ನಮ್ಮ ಅವ್ವ ದೊಡ್ಡ ರಂಗೋಲಿ ಹಾಕಿದಾಗಲೆಲ್ಲ ದೃಷ್ಟಿಯಾಗಬಾರದೆಂದು ಒಂದು ಚುಕ್ಕಿ ಸಣ್ಣದು ಬಿಡುತ್ತಿದ್ದಳು. ಇವರು ನಕ್ಕರು, ಆದರೂ ಮಾಡಿದರು.

ಸಾವಕಾರರ ಅಂಗಡಿಯಲ್ಲಿ ನಮ್ಮ ಚೆಂಡು ಚೆನ್ನಾಗಿ ಮಾರಾಟವಾಯಿತು. ನಿವೃತ್ತರಾದ ಮಿಲಿಟರಿ ಸಾಹೇಬರೊಬ್ಬರು ಎರಡೂ ಚೆಂಡು ಹೊಡೆದು ನೋಡಿ, ಪರದೇಶಿಯಷ್ಟೇ ದೂರ ಹೋಗುತ್ತದೆ ಅಂದರಂತೆ. ಆ ಮಾತು ಕೇಳಿ ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಪುಣೆಯ ಅಂಗಡಿಗಳವರೂ ನಮ್ಮ ಸಾವಕಾರರಿಂದ ಚೆಂಡು ತರಿಸಿಕೊಳ್ಳತೊಡಗಿದರು. ಅಲ್ಲಿ ಅದು ಆ ದೊಡ್ಡ ಕಂಪನಿಯ ಕಣ್ಣಿಗೆ ಬಿತ್ತು. ಚೆಂಡಿನ ಮೇಲೆ ಕುಳಿಗಳನ್ನು ಹೀಗೆ ಜೋಡಿಸುವ ಹಕ್ಕು ತಮ್ಮ ಹೆಸರಿನಲ್ಲಿ ನೋಂದಣಿಯಾಗಿದೆ, ನೀವು ನಕಲು ಮಾಡಿದ್ದೀರಿ ಎಂದು ಮುಂಬೈಯಿಂದ ವಕೀಲರ ನೋಟಿಸು ಬಂತು.

ಹಿಂದೆಯೇ ಕಂಪನಿಯ ವಕೀಲರೂ ಬಂದರು. ಅವರ ಮುಂದೆ ನನ್ನ ಗಂಡ ಸುಮ್ಮನಿರಬೇಕಿತ್ತು. ಹೆಮ್ಮೆ ತಡೆಯಲಿಲ್ಲ. "ನಕಲು ಅಲ್ರಿ ಇದು. ಈ ಚುಕ್ಕಿ ಹಾಕಿದಾಕಿ ನನ್ನ ಹೇಣ್ತಿ. ಬೇಕಾದ್ರ ಆಕೀನ್ನ ಕೇಳ್ರಿ," ಅಂದುಬಿಟ್ಟರು. ಮರುದಿನ ನನ್ನನ್ನು ಕರೆತರಲು ವಕೀಲರು ಹೇಳಿದರು.

ಅವತ್ತೇ ಖಾನಾಪುರಕ್ಕೆ ಹೋದೆ. ಅವ್ವ ಆ ಗಡಿಗೆಯನ್ನು ತೊಳೆಯದೆ ಅಟ್ಟದ ಮೇಲೆ ಇಟ್ಟಿದ್ದಳು, ಸುಣ್ಣದ ಚುಕ್ಕಿ ಹಾಗೇ ಇದ್ದವು. ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರು, "ಏನಕ್ಕಾ, ಬಂಗಾರದ ಗಡಿಗೀ ಏನ?" ಅಂತ ಚೇಷ್ಟೆ ಮಾಡಿದ. "ಹೌದಪ್ಪಾ, ಮುಟ್ಟಬ್ಯಾಡ," ಅಂದೆ. ಇದನ್ನು ನೋಡಿದರೆ ಸಾಕು, ಒಪ್ಪುತ್ತಾರೆ ಅಂದುಕೊಂಡಿದ್ದೆ. ಆ ಚುಕ್ಕಿ ನನ್ನವು ಎಂದು ಬಲ್ಲವರೊಬ್ಬರು ಒಪ್ಪಬೇಕಿತ್ತು, ಅಷ್ಟೇ ನನಗೆ ಬೇಕಾಗಿದ್ದು.

ಸಾವಕಾರರ ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ವಕೀಲರು ಕೂತಿದ್ದರು. ಮರಾಠಿಯಲ್ಲಿ ಮಾತಾಡಿದರು, ಖಾನಾಪುರದವಳಿಗೆ ಅದು ಮನೆಯ ಮಾತೇ. ಒರಟಾಗಿ ಮಾತಾಡಲಿಲ್ಲ, ಚಹಾ ಕುಡಿಯಿರಿ ಅಂದರು. ಆಮೇಲೆ ಡಬ್ಬಿಯಿಂದ ತಮ್ಮ ಕಂಪನಿಯ ಚೆಂಡು ತೆಗೆದು ನನ್ನ ಕೈಯಲ್ಲಿಟ್ಟರು.

ಆ ಚೆಂಡನ್ನು ನಾನು ಮೊದಲ ಸಲ ನೋಡಿದ್ದು ಆಗ. ತಿರುಗಿಸಿದೆ. ಒಂದು ಕಡೆ ಐದು, ಸುತ್ತ ಆರು, ಮತ್ತೆ ಐದು. ಎಣಿಸಿದೆ, ಹನ್ನೆರಡು. ಎಲ್ಲಿಯೋ ಯಾರೋ ನನ್ನ ಹಾಗೆಯೇ ಕೂತು ನನ್ನ ಚುಕ್ಕಿಯನ್ನೇ ಇಟ್ಟಿದ್ದರು. ನಾನೇ ಎಲ್ಲೋ ನೋಡಿ ಕದ್ದೆನೇನೋ ಎಂದು ಒಂದು ಗಳಿಗೆ ನನಗೇ ಅನಿಸಿತು.

ಗಡಿಗೆ ಬಿಚ್ಚಿ ತೋರಿಸಿದೆ. ಅವರು ಅದನ್ನು ನೋಡಿ, ಇದರ ಮೇಲೆ ತಾರೀಖು ಎಲ್ಲಿದೆ ಎಂದು ಕೇಳಿದರು. ಗಡಿಗೆಯ ಮೇಲೆ ತಾರೀಖು ಯಾರು ಬರೆಯುತ್ತಾರೆ? ಕೊನೆಗೆ ನಮ್ಮ ಚೆಂಡಿನ ಆ ಸಣ್ಣ ಕುಳಿ ತೋರಿಸಿ, "ಇದು ನಿಮ್ಮ ಚೆಂಡಿನಾಗ ಐತೇನ್ರಿ? ನಾವು ದೃಷ್ಟಿಗಂತ ಬಿಟ್ಟಿದ್ದು," ಅಂದೆ. ಅವರು ಕನ್ನಡಕ ಏರಿಸಿ ನೋಡಿ, ನಕಲು ಮಾಡುವಾಗ ಇಲ್ಲೊಂದು ಕಡೆ ಕೈ ತಪ್ಪಿದೆ ಎಂದು ಕಾಗದದಲ್ಲಿ ಬರೆದುಕೊಂಡರು.

ನಕಲು ಮಾಡಿದ್ದೇವೆ ಎಂದು ಬರೆದುಕೊಟ್ಟು ಚೆಂಡು ಮಾಡುವುದನ್ನು ನಿಲ್ಲಿಸಿದರೆ ಕೇಸು ಇಲ್ಲ, ಇಲ್ಲವಾದರೆ ಮುಂಬೈ ಕೋರ್ಟು ಅಂದರು. ಸಾವಕಾರರು ಸಹಿ ಮಾಡಿದರು, ನನ್ನ ಗಂಡನೂ ಮಾಡಿದರು. ಚುಕ್ಕಿ ಹಾಕಿದವಳು ನಾನೆಂದು ಇವರು ಹೇಳಿದ್ದರಲ್ಲ, ನನ್ನ ಹೆಸರೂ ಅದರಲ್ಲಿತ್ತು.

"ಸೈ ಮಾಡ್ರಿ ತಂಗಿ. ಅಂಗಡಿ, ಶೆಡ್ಡು ಉಳೀತಾವ," ಅಂದರು ಸಾವಕಾರರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ಸಹಿ ಮಾಡಿದೆ. ಚಹಾ ಆರಿತ್ತು, ಅದನ್ನೂ ಕುಡಿದೆ.

ಇವರು ಅಚ್ಚನ್ನೂ ಹಿತ್ತಾಳೆ ಗುಂಡನ್ನೂ ತಾವೇ ಕರಗಿಸಿದರು. ಶೆಡ್ಡು ಉಳಿಯಿತು. ನಾನು ರೊಟ್ಟಿ ಬಡಿದೆ, ಬಟ್ಟೆ ಒಗೆದೆ, ಬಾಗಿಲಿಗೆ ನೀರು ಹಾಕಿದೆ. ರಂಗೋಲಿ ಮಾತ್ರ ಎರಡು ಗೆರೆ ಎಳೆದು ಬಿಡುತ್ತಿದ್ದೆ, ಚುಕ್ಕಿ ಇಡುತ್ತಿರಲಿಲ್ಲ. ದುಃಖವೆಂದರೆ ದುಃಖವೂ ಅಲ್ಲ. ಬೆರಳಿಗೆ ಜೋಮು ಹಿಡಿದು ಬಿಡದೇ ಉಳಿದ ಹಾಗೆ.

ಗಡಿಗೆಯನ್ನು ತವರಿಗೆ ವಾಪಸು ಒಯ್ದೆ, ಅವ್ವ ಅದನ್ನು ತೊಳೆದು ನೀರಿಗಿಟ್ಟಳು. ಸಹಿ ಮಾಡಿದ ಆ ಕಾಗದದ ಒಂದು ಪ್ರತಿ ನನ್ನ ಟ್ರಂಕಿನಲ್ಲಿ ಇನ್ನೂ ಇದೆ. ಇದನ್ನು ಯಾಕೆ ಇಟ್ಟುಕೊಂಡಿದ್ದೀ, ಹರಿದು ಒಲೆಗೆ ಹಾಕು ಎಂದು ಇವರು ಎಷ್ಟೋ ಸಲ ಅಂದರು. ಹಾಕಲಿಲ್ಲ. ನಾನು ಕದ್ದೆ ಎಂದು ಅದರಲ್ಲಿ ಬರೆದಿದೆ, ಹೌದು. ಆದರೆ ಆ ಚುಕ್ಕಿಗಳನ್ನು ಇಟ್ಟವಳು ನಾನು ಎಂದು ನನ್ನ ಪೂರ್ತಿ ಹೆಸರು ಹಾಕಿ ಬರೆದ ಕಾಗದ ಅದೊಂದೇ.